ಜೊಂಡಿನ ಮೂಲೆಯ ಕಪ್ಪು ಗುಪ್ಪಿ

ಶನಿವಾರ ಬೆಳಿಗ್ಗೆ ಐದೂವರೆಗೆ ಜೀವನ್ ಬಿಮಾ ನಗರದ ಮನೆಯಿಂದ ಹೊರಟೆ. ಇಂದಿರಾನಗರದ ಮೆಟ್ರೊವರೆಗೆ ಆಟೊಗೆ ಅರವತ್ತು ರೂಪಾಯಿ. ಅಲ್ಲಿಂದ ನಾಲ್ಕನೆಯ ನಿಲ್ದಾಣ ಕೃಷ್ಣರಾಜಪುರ. ಕತ್ತಿಗೆ ದುರ್ಬೀನು, ಚೀಲದಲ್ಲಿ ಕ್ಯಾಮೆರಾ ಮತ್ತು ಎರಡು ಚಪಾತಿ. ರಿಟೈರಾದ ಮೇಲೆ ಹಕ್ಕಿಯ ಹುಚ್ಚು ಹಿಡಿಸಿಕೊಂಡವಳಿಗೆ ಇಷ್ಟೇ ಸಾಮಾನು.

ಅಲ್ಲಿನ ಕೆರೆಯ ಪಕ್ಕದಲ್ಲೇ ಇರುವ ತಂಗಿ ಹಿಂದಿನ ಸಂಜೆ ಫೋನ್ ಮಾಡಿದ್ದಳು. "ಅಕ್ಕಾ, ಕತ್ತಿನ ಪಕ್ಕ ಹಳದಿ ಪಟ್ಟೆ ಇರೋ ಕರೀ ಹಕ್ಕಿ ಜೊಂಡಿನೊಳಗೆ ನುಗ್ತು. ಕೆರೆ ಕ್ಲೀನ್ ಮಾಡೋಕೆ ನಾಳೆ ಆ ಜೊಂಡನ್ನೆಲ್ಲ ಕೊಯ್ದುಬಿಡ್ತಾರಂತೆ." ಕಪ್ಪು ಗುಪ್ಪಿ! ಕೊಕ್ಕರೆಯ ಸಂಬಂಧಿ, ಆದರೆ ಮಹಾ ಸಂಕೋಚದ್ದು. ಆರು ಮಳೆಗಾಲ ಹುಡುಕಿದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಕೆರೆಯ ಏರಿಯ ಮೇಲೆ ಸಂತೆಯಷ್ಟು ಜನ. ಚಪ್ಪಾಳೆ ತಟ್ಟಿ ನಗುವವರ ಗುಂಪೊಂದು, ಸ್ಪೀಕರ್ ಹಾಕಿಕೊಂಡು ಕುಣಿಯುವವರ ಗುಂಪು ಇನ್ನೊಂದು. ಆಚೆ ಹಳೇ ಮದ್ರಾಸ್ ರಸ್ತೆಯ ಲಾರಿಗಳ ಹಾರ್ನ್. ಇದರ ನಡುವೆ ಬಾಳುವ ಹಕ್ಕಿಯ ಎದೆಗಾರಿಕೆಗೆ ಕೈಮುಗಿಯಬೇಕು ಅನ್ನಿಸಿತು.

ಕೆಲಸದವರು ಆಗಲೇ ತೆಪ್ಪದ ಮೇಲೆ ನಿಂತು ಜೊಂಡು ಕೊಯ್ಯುತ್ತಿದ್ದರು. ಮೇಸ್ತ್ರಿಯ ಬಳಿ ಹೋಗಿ ಹಕ್ಕಿಯ ವಿಷಯ ಹೇಳಿದೆ.

"ಬಾಯಲ್ಲಿ ಹೇಳಿದ್ರೆ ಮೇಲಿನೋರು ಕೇಳಲ್ಲ ಮೇಡಂ. ಫೋಟೊ ತೋರ್ಸಿ, ಅಷ್ಟು ಜಾಗ ಬಿಡ್ತೀನಿ. ಹನ್ನೊಂದರ ತನಕ ಟೈಮು," ಎಂದರು.

ಹುಡುಕಿದೆ. ನಾಮದ ಕೋಳಿಗಳು ಕಂಡವು, ನೀರುಕಾಗೆಗಳು ಕಂಡವು. ಎರಡು ಸಲ ಕಪ್ಪು ಪ್ಲಾಸ್ಟಿಕ್ ಚೀಲ ಕಂಡು ಉಸಿರು ಬಿಗಿಹಿಡಿದೆ. ತುಂತುರು ಶುರುವಾಯಿತು, ಗಂಟೆ ಹತ್ತಾಯಿತು. ಅಳುವೇ ಬಂದಂತಾಯಿತು.

ತೆಪ್ಪದ ಮೇಲಿದ್ದ ಹೆಂಗಸೊಬ್ಬಳು ನನ್ನ ಪಾಡು ನೋಡಿ ಹತ್ತಿರ ಬಂದಳು. ಹೆಸರು ಶರಣಮ್ಮ, ರಾಯಚೂರಿನ ಕಡೆಯವಳು, ಇಲ್ಲೇ ಬಾಡಿಗೆ ಕೋಣೆಯಲ್ಲಿ ವಾಸ.

"ಯವ್ವಾ, ಆ ಮೂಲಿ ಕಡೆ ನೋಡ್ರಿ. ಅದನ್ನ ನಾ ಕೊಯ್ದಿಲ್ಲ."

"ಯಾಕೆ? ಹಕ್ಕಿ ನೋಡಿದ್ಯಾ ಅಲ್ಲಿ?"

"ಇಲ್ರಿ. ನಮ್ಮ ಹೊಲದಾಗ ಜ್ವಾಳ ಕೊಯ್ಯೋವಾಗ ಒಂದು ಮೂಲಿ ಹಕ್ಕಿಗಂತ ಬಿಡ್ತೀವಿ. ಇಲ್ಲೂ ಕೈ ಹಂಗ ಬಿಟ್ಟದ." ಹಾಗೆ ಬಿಟ್ಟಿದ್ದಕ್ಕೆ ಮೇಸ್ತ್ರಿಯಿಂದ ಎರಡು ಸಲ ಬೈಸಿಕೊಂಡಿದ್ದಳಂತೆ.

ದುರ್ಬೀನನ್ನು ಆ ಮೂಲೆಗೆ ತಿರುಗಿಸಿದೆ. ಒಣಗಿದ ಜೊಂಡಿನ ಕಡ್ಡಿಗಳು. ನೋಡುತ್ತಿದ್ದಂತೆ ಅವುಗಳಲ್ಲೊಂದು ಕಡ್ಡಿ ಕಣ್ಣು ಮಿಟುಕಿಸಿತು. ಕೊಕ್ಕನ್ನು ಆಕಾಶಕ್ಕೆ ನೆಟ್ಟು, ಕತ್ತಿನ ಹಳದಿ ಪಟ್ಟೆ ತೋರಿಸುತ್ತ ಕಪ್ಪು ಗುಪ್ಪಿ ನಿಂತಿತ್ತು! ಅಷ್ಟು ಗದ್ದಲದಲ್ಲೂ ಅದೆಂಥ ಗಾಂಭೀರ್ಯ. ನಾಲ್ಕು ಫೋಟೊ ತೆಗೆದೆ.

ಮೇಸ್ತ್ರಿ ಕ್ಯಾಮೆರಾದೊಳಗೆ ಇಣುಕಿದರು. "ಅಪರೂಪದ್ದಾ ಮೇಡಂ?"

"ಈ ಊರಲ್ಲಿ ತುಂಬಾ ಅಪರೂಪ."

"ಹಂಗಾದ್ರೆ ಸರಿ. ಶರಣಮ್ಮಾ, ಆ ಮೂಲೆ ಮುಟ್ಬೇಡ."

ಯುದ್ಧ ಗೆದ್ದವಳಂತೆ ಅವಳ ಕಡೆ ತಿರುಗಿದೆ. "ನೋಡಿದ್ಯಾ? ಅಪರೂಪದ ಹಕ್ಕಿ ಆಗಿದ್ದಕ್ಕೆ ಉಳೀತು."

ಅವಳು ಕುಡುಗೋಲಿಗೆ ಮೆತ್ತಿದ್ದ ಕೆಸರು ಒರೆಸಿಕೊಂಡಳು. "ಬರೇ ಗುಬ್ಬಿ ಇದ್ದಿದ್ರ ಕೊಯ್ಯಬೇಕಿತ್ತೇನ್ರಿ?"

ನನಗೆ ನಾಚಿಕೆಯಾಯಿತು. ಚಪಾತಿ ಬಿಚ್ಚಿ ಅವಳಿಗೊಂದು ಕೊಟ್ಟೆ. ಇಬ್ಬರೂ ಏರಿಯ ಮೇಲೆ ಕೂತು ತಿಂದೆವು. ಆಮೇಲೆ ಅವಳು ತೆಪ್ಪಕ್ಕೆ ಹೋದಳು, ನಾನು ಮೆಟ್ರೊ ಕಡೆ ಹೊರಟೆ.

ಗೇಟಿನ ಬಳಿ ಒಮ್ಮೆ ತಿರುಗಿ ನೋಡಿದೆ. ಎದುರು ದಡವನ್ನು ಅವಳು ಬೆಳಿಗ್ಗೆಯೇ ಕೊಯ್ದು ಮುಗಿಸಿದ್ದಳು. ಅಲ್ಲೂ ಒಂದು ಮೂಲೆ ಜೊಂಡು ಹಾಗೆಯೇ ನಿಂತಿತ್ತು. ದುರ್ಬೀನು ಹಿಡಿದು ಬಹಳ ಹೊತ್ತು ನೋಡಿದೆ. ಅದರಲ್ಲಿ ಯಾವ ಹಕ್ಕಿಯೂ ಇರಲಿಲ್ಲ.