ಹರಿಹರದಿಂದ ಬರುತ್ತಿದ್ದ ಬೆಳಗಿನ ಫೋನು

ನಮ್ಮ ವ್ಯಾಪಾರವನ್ನು ಈಗ ಒಂದು ಸಾಫ್ಟ್‌ವೇರ್ ನಡೆಸುತ್ತದೆ. ಚೆನ್ನಾಗಿಯೇ ನಡೆಸುತ್ತದೆ, ಆ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಅದನ್ನು ತಂದು ಹಾಕಿದ ನನ್ನ ಮಗಳು, "ಅಮ್ಮಾ, ಉಂಡ ಮನೆಗೆ ಎರಡು ಬಗಿಬ್ಯಾಡ" ಎಂದು ಛೇಡಿಸುತ್ತಾಳೆ.

ವ್ಯಾಪಾರವೆಂದರೆ ಅಂಥ ದೊಡ್ಡದೇನಲ್ಲ. ಹರಿಹರದಲ್ಲಿ ನನ್ನ ಅಕ್ಕ ನಾಲ್ಕಾರು ಹೆಂಗಸರನ್ನು ಕಟ್ಟಿಕೊಂಡು ಖಡಕ್ ರೊಟ್ಟಿ, ಚಟ್ನಿಪುಡಿ ಮಾಡಿಸುತ್ತಾಳೆ. ದಾವಣಗೆರೆಯ ದೇವರಾಜ ಅರಸು ಬಡಾವಣೆಯಲ್ಲಿ ಒಂದು ಸಣ್ಣ ಅಂಗಡಿ ಇಟ್ಟುಕೊಂಡು ನಾನು ಮಾರುತ್ತೇನೆ. ಸರಕು ಬಸ್ಸಿನಲ್ಲಿ ಬರುತ್ತದೆ. ಸೀಟು ಸಿಕ್ಕಿ ಕೂತು ಸುಧಾರಿಸಿಕೊಳ್ಳುವಷ್ಟರಲ್ಲಿ ಮುಗಿದುಹೋಗುವ ದಾರಿ ಅದು. ಆದರೂ ನಾವಿಬ್ಬರೂ ಒಬ್ಬರ ಮನೆಗೆ ಒಬ್ಬರು ಹೋಗುವುದು ಹಬ್ಬಕ್ಕೋ ಮದುವೆಗೋ ಮಾತ್ರ. ಅವಳಿಗೆ ಅವಳ ಒಲೆ, ನನಗೆ ನನ್ನ ಗಲ್ಲಾ.

ಆದರೆ ಫೋನಿತ್ತು. ಬೆಳಿಗ್ಗೆ ಅಂಗಡಿಯ ಕಸ ಹೊಡೆದು, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚುವ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

"ಹೇಳೇ, ಏನೇನು ಖಾಲಿ ಆಗೈತೆ?"

ನಾನು ಕಪಾಟು ನೋಡುತ್ತ ಹೇಳುತ್ತ ಹೋಗುತ್ತಿದ್ದೆ. ಶೇಂಗಾ ಚಟ್ನಿಯಿಂದ ಶುರು. ಶೇಂಗಾಕ್ಕೂ ಅಗಸಿಗೂ ನಡುವೆ ಭಾವನ ಶುಗರ್ ಬರುತ್ತಿತ್ತು. ಅಗಸಿ ಮುಗಿದು ಗುರೆಳ್ಳಿಗೆ ಬರುವಷ್ಟರಲ್ಲಿ ಅವಳ ಸೊಸೆ ಹಿಂದಿನ ದಿನ ಮುಖ ಊದಿಸಿಕೊಂಡ ಕಥೆ ಬರುತ್ತಿತ್ತು. ರೊಟ್ಟಿಯ ಲೆಕ್ಕಕ್ಕೆ ಬಂದಾಗ ಅಕ್ಕನಿಗೆ ನಮ್ಮ ಅವ್ವ ನೆನಪಾಗುತ್ತಿದ್ದಳು. "ಅವ್ವ ಬಡಿದ ರೊಟ್ಟಿ ಬೆಳಕಿಗೆ ಹಿಡಿದ್ರೆ ಆಚೆ ಕಾಣ್ತಿತ್ತು ಕಣೇ" ಎನ್ನುತ್ತಿದ್ದಳು. ಗಿರಾಕಿ ಬಂದು ನಿಂತರೂ ನಾನು ಫೋನು ಇಡುತ್ತಿರಲಿಲ್ಲ.

ಲೆಕ್ಕದಲ್ಲಿ ನಾವಿಬ್ಬರೂ ಶುದ್ಧ ಅಡ್ಡಾದಿಡ್ಡಿ. "ಗುರೆಳ್ಳು ಬ್ಯಾಡಕ್ಕ, ಇನ್ನೂ ಐತೆ" ಎಂದರೆ, "ಲೋಕಿಕೆರೆಯಿಂದ ಹೊಸಾ ಗುರೆಳ್ಳು ತರಿಸೀನಿ, ಇಟ್ಕಾ ಸುಮ್ನೆ" ಎಂದು ಕಳಿಸಿಯೇಬಿಡುತ್ತಿದ್ದಳು. ಒಂದು ಬೇಸಿಗೆಯಲ್ಲಿ ಹಾಗೆ ಬಂದ ಪುಡಿಯೆಲ್ಲ ಕಮಟು ಹಿಡಿಯಿತು. ಡಬ್ಬಿಗಟ್ಟಲೆ ಚೆಲ್ಲುವಾಗ ನನ್ನ ಹೊಟ್ಟೆ ಉರಿಯಿತು. ಆಗ ಮಗಳು ಈ ಸಾಫ್ಟ್‌ವೇರ್ ತಂದಳು.

ಇಲ್ಲಿ ಒಂದು ಪೊಟ್ಟಣ ಮಾರಿ ಬಿಲ್ ಮಾಡಿದರೆ ಅಲ್ಲಿ ಅಕ್ಕನ ಫೋನಿನಲ್ಲಿ ಕಾಣುತ್ತದೆ. ಸರಕು ಕಡಿಮೆಯಾಗುತ್ತ ಬಂದರೆ ತಾನೇ ಹರಿಹರಕ್ಕೆ ಆರ್ಡರ್ ಕಳಿಸುತ್ತದೆ. ಈಗ ಯಾವುದೂ ಕಮಟು ಹಿಡಿಯುವುದಿಲ್ಲ. ಜಿಎಸ್‌ಟಿ ಕಟ್ಟುವ ದಿನ ಬಂದರೆ ಜ್ವರ ಬರುವುದು ನಿಂತಿದೆ. ಕಾಲು ಮುರಿದುಕೊಂಡು ಮಲಗಿದ್ದಾಗ ಹಾಸಿಗೆಯಿಂದಲೇ ಅಂಗಡಿ ನೋಡಿಕೊಂಡೆ. ಫೋನು ನೀರಿನ ಬಕೀಟಿಗೆ ಬಿದ್ದು ಸತ್ತಾಗಲೂ ಹೊಸ ಫೋನಿನಲ್ಲಿ ಪಾಸ್‌ವರ್ಡ್ ಒತ್ತಿದೊಡನೆ ಎಲ್ಲ ಇದ್ದ ಹಾಗೇ ಎದ್ದು ಬಂತು. ಇದನ್ನೆಲ್ಲ ಸುಳ್ಳೆನ್ನಲಾರೆ.

ಕಾಟವೂ ಉಂಟು. ನೆಟ್ ಹೋದರೆ ಬಿಲ್ ಇಲ್ಲ. ಗಿರಾಕಿ ಎದುರಿಗೆ, ಸರಕು ಕೈಯಲ್ಲಿ, ಪರದೆಯ ಮೇಲೆ ಆ ಚಕ್ರ ಮಾತ್ರ ಗಿರಗಿರ ತಿರುಗುತ್ತಿರುತ್ತದೆ. ಇನ್ನೊಂದು ದಿನ ನೋಡಿದರೆ ಒತ್ತುವ ಗುಂಡಿಗಳೆಲ್ಲ ಜಾಗ ಬದಲಿಸಿರುತ್ತವೆ. ಯಾರೋ ನಮ್ಮ ಅಡುಗೆಮನೆ ಹೊಕ್ಕು ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ ಅದಲುಬದಲು ಮಾಡಿಹೋದ ಹಾಗೆ. ಕೇಳಿದರೆ ಅದು ಅಪ್‌ಡೇಟ್ ಅಂತೆ.

ಇವನ್ನೆಲ್ಲ ಸಹಿಸಿಕೊಂಡೆ. ಆದರೆ ಅಕ್ಕ ಪ್ರತಿ ಚೀಲದಲ್ಲೂ ಒಂದು ಪೊಟ್ಟಣ ಬೇರೆ ಇಡುತ್ತಿದ್ದಳು, ಮನೆಗೆಂದು. ಅದಕ್ಕೆ ಬಿಲ್ಲಿಲ್ಲ. ಸಾಫ್ಟ್‌ವೇರ್‌ಗೆ ಅದು ಸೇರಲಿಲ್ಲ. ಬಂದ ಸರಕು ಎಣಿಸಿ ಹಾಕಿದಾಗ, ಹೆಚ್ಚಿಗೆ ಬಂದಿದ್ದಕ್ಕೆ ಕಾರಣ ಬೇಕೆಂದು ಕೇಳಿ, ತಾನೇ ಕೆಲವು ಕಾರಣ ತೋರಿಸಿತು: ವಾಪಸು ಬಂದದ್ದು, ಎಣಿಕೆ ತಪ್ಪಿದ್ದು, ಸ್ಯಾಂಪಲ್. ಅಕ್ಕ ಕೊಟ್ಟಿದ್ದು ಎಂಬುದು ಅದರಲ್ಲಿರಲಿಲ್ಲ. ಮಗಳು ಹರಿಹರಕ್ಕೆ ಫೋನು ಮಾಡಿ, "ದೊಡ್ಡಮ್ಮಾ, ಎಂಟ್ರಿ ಮಾಡ್ದೆ ಏನೂ ಕಳಿಸಬ್ಯಾಡ" ಎಂದಳು. ಅಕ್ಕ ದೊಡ್ಡ ಮನಸ್ಸಿನಿಂದ ಒಪ್ಪಿದಳು. ಆಮೇಲೆ ಲೆಕ್ಕ ಸರಿಹೋಯಿತು, ಚೀಲದಲ್ಲಿ ಬಿಲ್ಲಿನಷ್ಟೇ ಸರಕು ಬರತೊಡಗಿತು.

ಬೆಳಗಿನ ಫೋನೂ ನಿಂತಿತು. ಯಾರೂ ನಿಲ್ಲಿಸಲಿಲ್ಲ, ಕೇಳುವುದೇನೂ ಉಳಿಯಲಿಲ್ಲ ಅಷ್ಟೆ. ಊದಿನಕಡ್ಡಿ ಹಚ್ಚಿ ನಾನು ಫೋನಿನ ಕಡೆ ನೋಡುತ್ತಿದ್ದೆ. ಅಕ್ಕನ ದನಿ ಕೇಳಬೇಕೆಂದು ಜೀವ ಬಡಿದುಕೊಳ್ಳುತ್ತಿತ್ತು.

ನೀನೇ ಮಾಡಬಹುದಿತ್ತಲ್ಲ ಎನ್ನುತ್ತೀರಿ. ನಾವು ತವರಿನಲ್ಲಿದ್ದ ಕಾಲದಲ್ಲಿ ಫೋನು ಇದ್ದದ್ದು ಪಕ್ಕದ ಮನೆಯಲ್ಲಿ. ಅಲ್ಲಿಂದ ಕರೆ ಬಂದರೆ ಅವ್ವ ದೇವರ ಹೆಸರು ಹೇಳಿಕೊಳ್ಳುತ್ತಲೇ ಓಡುತ್ತಿದ್ದಳು, ಯಾಕೆಂದರೆ ಬರುತ್ತಿದ್ದದ್ದು ಬಹುತೇಕ ಸಾವಿನ ಸುದ್ದಿ. ಕಾರಣವಿಲ್ಲದೆ ಫೋನು ಮಾಡುವುದು ನಮಗಿಬ್ಬರಿಗೂ ರೂಢಿಯೇ ಇಲ್ಲ. ಚಟ್ನಿಪುಡಿ ನಮ್ಮ ಕಾರಣವಾಗಿತ್ತು.

ಮೊನ್ನೆ ಒಂದು ಮಧ್ಯಾಹ್ನ ತಡೆಯಲಾರದೆ ಮಾಡಿಯೇಬಿಟ್ಟೆ.

"ಯಾಕೇ? ಯಾರಿಗೇನಾತು?" ಅಕ್ಕ ಫೋನು ಎತ್ತಿದೊಡನೆ ಕೇಳಿದಳು.

ನನಗೆ ಗಾಬರಿಯಾಯಿತು. "ಏನಿಲ್ಲಕ್ಕ, ಗುರೆಳ್ಳು ಚಟ್ನಿ ಖಾಲಿ ಆಗೈತೆ, ಅದಕ್ಕೆ..." ಎಂದೆ.

ಅವಳು ಫೋನಿನಲ್ಲಿ ನೋಡುತ್ತಿದ್ದಳೆಂದು ಕಾಣುತ್ತದೆ. "ಎಲ್ಲಿ ಖಾಲಿ ಆಗೈತೆ? ಇಲ್ಲಿ ಬೇಕಾದಷ್ಟು ತೋರಿಸ್ತೈತಲ್ಲ. ಕಪಾಟು ಸರಿಯಾಗಿ ನೋಡು."

ನೋಡುವುದೇನು, ಡಬ್ಬಿಗಳು ನನ್ನ ಕಣ್ಣೆದುರಿಗೇ ಸಾಲಾಗಿ ಕೂತಿದ್ದವು.

"ಹೌದಲ್ಲ, ಐತೆ" ಎಂದೆ. "ಸುಮ್ನೆ ಮಾಡಿದೆ ಅಕ್ಕ."

"ಸುಮ್ನೆ ಮಾಡಬ್ಯಾಡ ಮಾರಾಯ್ತಿ, ಎದಿ ಡವಡವ ಅಂತೈತೆ. ಏನಾರ ಕೆಲಸ ಇದ್ರೆ ಮಾಡು, ಆಯ್ತಾ? ಒಲೆ ಮ್ಯಾಲೆ ಹಂಚು ಐತೆ, ಇಡ್ಲಾ?"

ಇಡು ಅಂದೆ. ಆಮೇಲೆ ಫೋನು ತೊಡೆಯ ಮೇಲಿಟ್ಟುಕೊಂಡು, ಆ ಸಾಫ್ಟ್‌ವೇರ್ ಮಾಡದೆ ಬಿಟ್ಟ ಕೆಲಸ ಒಂದಾದರೂ ಸಿಗಬಹುದೇ ಎಂದು ಅಂಗಡಿಯ ಮೂಲೆಮೂಲೆಯನ್ನೂ ನೋಡುತ್ತ ಕೂತೆ.