ಅವ್ವ ಅಂಗಡಿಯಲ್ಲಿ ಮಾತು ಬಿಟ್ಟದ್ದು

ಜಯನಗರ ನಾಲ್ಕನೇ ಬ್ಲಾಕಿನ ಸೀರೆ ಅಂಗಡಿಯೊಂದರ ಮುಂದೆ ನಾವು ಮೂವರೂ ಚಪ್ಪಲಿ ಬಿಟ್ಟೆವು. ಗದಗಿನಿಂದ ಬೆಂಗಳೂರಿಗೆ ಹೊಸದಾಗಿ ಬಂದಿದ್ದ ಅಪ್ಪ, ಅವ್ವ, ಹತ್ತು ವರ್ಷದ ನಾನು. ಬಾಗಿಲ ಬಳಿಯ ಸೆಕ್ಯುರಿಟಿಯವರು “ಹಾಕ್ಕೊಂಡೇ ಹೋಗಿ ಅಮ್ಮ, ಪರವಾಗಿಲ್ಲ” ಅಂದರು. ಅವ್ವ ನಂಬಲಿಲ್ಲ. ಸೀರೆ ಹರಡುವ ಜಾಗಕ್ಕೆ ಚಪ್ಪಲಿ ಮೆಟ್ಟಿಕೊಂಡು ಹೋಗುವುದುಂಟೇ? ಬರಿಗಾಲಲ್ಲೇ ಒಳಗೆ ನಡೆದಳು. ನುಣ್ಣನೆಯ ನೆಲ ತಣ್ಣಗಿತ್ತು. ಒಳಗಿದ್ದವರೆಲ್ಲ ನಮ್ಮ ಕಾಲು ನೋಡುತ್ತಿದ್ದರು.

ಗದಗಿನಲ್ಲಿ ಕೂತು ಇದನ್ನು ಓದುವ ನಿಮಗೆ ಇದರಲ್ಲಿ ನಗುವಂಥದ್ದೇನೂ ಕಾಣಲಿಕ್ಕಿಲ್ಲ. ನಮ್ಮಲ್ಲಿ ಅರಿವೆ ಅಂಗಡಿಯೆಂದರೆ ಗಾದಿ. ಅದರ ಮೇಲೆ ಕೂತರೆ ಮೊದಲು ಚಹಾ, ಆಮೇಲೆ ಮನೆಮಂದಿಯ ಸುದ್ದಿ, ಕೊನೆಗೆ ಸೀರೆ. ಚಹಾ ಕುಡಿದು ಬರಿಗೈಯಲ್ಲಿ ಏಳುವುದು ಮರ್ಯಾದೆಯಲ್ಲ. ಹಾಗಾಗಿ ಕೊಳ್ಳುವುದಿದ್ದರೆ ಮಾತ್ರ ಹೋಗುವುದು. ಇಲ್ಲಿ ಸುಮ್ಮನೆ ನೋಡಿ ಬರಬಹುದು, ಯಾರೂ ಏನೂ ಅನ್ನುವುದಿಲ್ಲ ಎಂದು ಗೊತ್ತಾದ ದಿನ ನಮಗೆ ಹಬ್ಬವಾಗಿತ್ತು.

ನಮ್ಮದು ಚಿಕ್ಕಲಸಂದ್ರದಲ್ಲಿ ಒಂದೇ ಕೋಣೆಯ ಬಾಡಿಗೆ ಮನೆ. ಅಪ್ಪ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಕಟಿಂಗ್ ಮಾಸ್ಟರ್. ಭಾನುವಾರ ಸಂಜೆ ಬನಶಂಕರಿಗೆ ಬಂದು, ಅಲ್ಲಿಂದ ಬಸ್ಸು ಬದಲಿಸಿ ಜಯನಗರಕ್ಕೆ ಹೋಗುತ್ತಿದ್ದೆವು. ಅಪ್ಪ ಗಾಜಿಗೆ ಮೂಗು ಹಚ್ಚಿ ಬೊಂಬೆಯ ಅಂಗಿಯ ಕಾಲರ್ ಪರೀಕ್ಷಿಸಿ, ಹೊಲಿಗೆ ಸೊಟ್ಟಗಿದೆ ಎಂದು ತೀರ್ಪು ಕೊಡುತ್ತಿದ್ದ. ಅವ್ವನಿಗೆ ಸೀರೆಗಿಂತ ಸೀರೆ ತೋರಿಸುವವರು ಬೇಕಿತ್ತು. ವಠಾರದಲ್ಲಿ ಎಲ್ಲರ ಬಾಗಿಲೂ ಮುಚ್ಚಿರುತ್ತಿತ್ತು. ನಲ್ಲಿಯ ಹತ್ತಿರ ಅವ್ವ ಒಂದು ಮಾತಾಡಿದರೂ ‘ಏನಂದ್ರಿ?’ ಎಂದು ಎರಡು ಸಲ ಕೇಳುತ್ತಿದ್ದರು. ವಾರವಿಡೀ ಬಾಯಿ ಕಟ್ಟಿಕೊಂಡಿದ್ದವಳಿಗೆ ಅಂಗಡಿಯವರೇ ನೆಂಟರು. ಅವರ ಊರು, ಮದುವೆ, ಮಕ್ಕಳು ಎಲ್ಲ ವಿಚಾರಿಸಿ, ಹೊರಡುವಾಗ ತಪ್ಪದೆ “ಬರ್ತೀವ್ರೀ” ಅನ್ನುತ್ತಿದ್ದಳು. ಮನೆಯಿಂದೆದ್ದು ಬರುವಾಗ ‘ಹೋಗ್ತೀವಿ’ ಅನ್ನಬಾರದಲ್ಲ, ಅಷ್ಟೇ.

ಒಂದು ಭಾನುವಾರ ಅದೇ ಅಂಗಡಿಯ ಹುಡುಗಿ ನಮ್ಮನ್ನು ಕಂಡು ಒಳಗಿನಿಂದ ಓಡಿಬಂದಳು. ಕೈಯಲ್ಲಿ ನವಿಲು ಬಣ್ಣದ ಸೀರೆ.

“ಬರ್ತೀವಿ ಅಂದಿದ್ರಲ್ಲ ಆಂಟಿ, ನಿಮಗೋಸ್ಕರ ಎತ್ತಿಟ್ಟಿದೀನಿ.”

ಅವ್ವ ಕಕ್ಕಾಬಿಕ್ಕಿಯಾದಳು. ನಾವು ನೋಡಾಕ ಬಂದೇವ್ರಿ, ಬರ್ತೀವಿ ಅಂದ್ರ ಹಂಗಲ್ರಿ, ತಪ್ಪು ತಿಳೀಬ್ಯಾಡ್ರಿ ಎಂದು ಜೋರಾಗಿ ವಿವರಿಸತೊಡಗಿದಳು. ಅಷ್ಟರಲ್ಲಿ ನನ್ನ ಕ್ಲಾಸಿನ ಹುಡುಗಿಯೊಬ್ಬಳು ತಾಯಿಯ ಜೊತೆ ಪಕ್ಕದಲ್ಲೇ ನಿಂತಿರುವುದು ಕಂಡಿತು. ಬಟ್ಟೆಗೆ ‘ಅರಿವಿ’ ಅಂದೆನೆಂದು ಇಡೀ ಕ್ಲಾಸು ನಕ್ಕು ಇನ್ನೂ ವಾರವಾಗಿರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಕ್ಲಾಸಿನವಳಿಗೆ ಕೇಳಿಸಲೆಂದೇ, ಶಾಲೆಯಲ್ಲಿ ಕಲಿತ ಭಾಷೆಯಲ್ಲಿ ಹೇಳಿದೆ:

“ಅಮ್ಮಾ, ನೀನು ಮಾತಾಡ್ಬೇಡ.”

ಅದುವರೆಗೆ ನಾನು ಅವಳನ್ನು ಅಮ್ಮ ಎಂದು ಕರೆದಿರಲಿಲ್ಲ. ಅವ್ವ ಯಾರನ್ನು ಕರೆದೆನೋ ಎಂಬಂತೆ ಪಕ್ಕಕ್ಕೆ ನೋಡಿದಳು. ಆಮೇಲೆ ತಿಳಿಯಿತು. ಸುಮ್ಮನಾದಳು.

ಮಾತು ಆಡಿದರೆ ಹೋಯ್ತು, ಮುತ್ತು ಒಡೆದರೆ ಹೋಯ್ತು. ಭಾನುವಾರದ ತಿರುಗಾಟ ಆಮೇಲೆಯೂ ಕೆಲವು ತಿಂಗಳು ನಡೆಯಿತು, ಆದರೆ ಅವ್ವ ಯಾವ ಅಂಗಡಿಯಲ್ಲೂ ತುಟಿ ಎರಡು ಮಾಡಲಿಲ್ಲ. ನಾನು ಮಾತ್ರ ಮನೆಯಲ್ಲೂ ಹೊರಗೂ ಬೆಂಗಳೂರಿನವಳಾಗುತ್ತ ಹೋದೆ. ಅಮ್ಮ ಎಂಬುದೇ ನಾಲಿಗೆಗೆ ರೂಢಿಯಾಯಿತು. ಅದನ್ನು ಗೆಲುವು ಅಂದುಕೊಂಡಿದ್ದೆ.

ಅಪ್ಪ ಈಗಿಲ್ಲ. ಅವ್ವ ಜೆ.ಪಿ. ನಗರದಲ್ಲಿ ನನ್ನ ಜೊತೆಗಿದ್ದಾಳೆ. ಹೋದ ತಿಂಗಳು ಅವಳನ್ನು ಅದೇ ಬೀದಿಗೆ ಕರೆದುಕೊಂಡು ಹೋದೆ. ಹಳೆಯ ಅಂಗಡಿ ಇರಲಿಲ್ಲ. ಅದರ ಜಾಗದಲ್ಲಿದ್ದ ಇನ್ನೊಂದಕ್ಕೆ ಹೋದೆವು. ಅವ್ವ ಬೆರಳು ತೋರಿಸಿದಳು, ತಲೆಯಾಡಿಸಿದಳು. ಸೀರೆ ತೋರಿಸುತ್ತಿದ್ದ ಹುಡುಗಿ ನನ್ನತ್ತ ಬಾಗಿ, “ಅಮ್ಮಂಗೆ ಮಾತು ಬರಲ್ವಾ ಮೇಡಂ?” ಎಂದು ಮೆಲ್ಲಗೆ ಕೇಳಿದಳು.

ಬರುತ್ತೆ ಅಂದೆ. ಯಾಕೆ ಆಡುವುದಿಲ್ಲ ಎಂದು ಹೇಳುವ ಧೈರ್ಯ ನನಗಿರಲಿಲ್ಲ. ಅವ್ವ ಯಾವ ಸೀರೆಯನ್ನೂ ಒಪ್ಪಲಿಲ್ಲ, ಬರಿಗೈಯಲ್ಲೇ ಹೊರಟೆವು. ಬಾಗಿಲಲ್ಲಿ ನಿಂತು ನಾನೇ ಅವಳ ಪರವಾಗಿ “ಬರ್ತೀವ್ರೀ” ಅಂದೆ. ರಾಗ ಎಲ್ಲೋ ತಪ್ಪಿತು. ನನ್ನ ಬಾಯಲ್ಲೇ ಅದು ಅಣಕದಂತೆ ಕೇಳಿಸಿತು.

ಹುಡುಗಿ ನಕ್ಕು, “ನೀವು ಹುಬ್ಬಳ್ಳಿ ಕಡೆಯವರಾ ಮೇಡಂ?” ಅಂದಳು.

ಅಷ್ಟು ವರ್ಷಗಳ ನಂತರ ಅವ್ವ ಅಂಗಡಿಯಲ್ಲಿ ಬಾಯಿಬಿಟ್ಟಳು.

“ನಾ ಗದಗಿನಾಕ್ರೀ,” ಅಂದಳು. “ಆಕಿ ಇಲ್ಲಿಯಾಕಿ.”

ಸಿಟ್ಟಿರಲಿಲ್ಲ ಆ ದನಿಯಲ್ಲಿ. ಕೇಳಿದವರಿಗೆ ವಿಳಾಸ ಹೇಳುವಂತೆ ಹೇಳಿ, ಮೆಟ್ಟಿಲು ಇಳಿಯಲು ನನ್ನ ಕೈ ಹಿಡಿದುಕೊಂಡಳು.