ಎಡಗೈಗೊಂದು ಕತ್ತರಿ, ಅದೂ ಶನಿವಾರ

‘ಎಡಗೈ ಕತ್ತರಿ ಇದೆಯಾ?’ ಅಂತ ಕೇಳಿದೆ.

ಅಂಗಡಿಯವರು ಮೊದಲು ನನ್ನ ಮುಖ ನೋಡಿದರು. ಆಮೇಲೆ ನನ್ನ ಎಡಗೈ ನೋಡಿದರು. ಅದು ನೆಟ್ಟಗೇ ಇದೆ ಅಂತ ಖಾತ್ರಿಯಾದ ಮೇಲೆ, ‘ಕತ್ತರಿಗೆ ಎಡ ಬಲ ಎಲ್ಲಿದೆ ಮೇಡಂ? ಅದೇನು ಚಪ್ಪಲೀನಾ?’ ಅಂದರು. ಪಕ್ಕದಲ್ಲಿ ಲೈನಿಂಗ್ ಬಟ್ಟೆ ಆರಿಸುತ್ತಿದ್ದ ಇಬ್ಬರು ಹೆಂಗಸರು ಕಿಸಕ್ಕನೆ ನಕ್ಕರು.

ನಗಲಿ ಬಿಡಿ. ಮೊನ್ನೆ ಮೊನ್ನೆಯವರೆಗೆ ನನಗೂ ಗೊತ್ತಿರಲಿಲ್ಲ. (ನಿಮಗೆ ಗೊತ್ತಿತ್ತಾ? ನಿಜ ಹೇಳಿ.) ಆದರೆ ಗೊತ್ತಾದ ಮೇಲೆ ಕೈಕಟ್ಟಿ ಕೂರುವ ಜಾಯಮಾನ ನನ್ನದಲ್ಲ. ಇಡೀ ಮೈಸೂರಿನಲ್ಲಿ ಒಂದೇ ಒಂದು ಎಡಗೈ ಕತ್ತರಿ ಸಿಗುವುದಿಲ್ಲ ಅಂದರೆ ಏನರ್ಥ? ಅದನ್ನು ಹುಡುಕಿಯೇ ತೀರುತ್ತೇನೆ ಅಂತ ಹಟಕ್ಕೆ ಬಿದ್ದೆ.

ಕತ್ತರಿ ನನಗಲ್ಲ, ನನ್ನ ನಾದಿನಿ ಶೈಲಾಗೆ. ನನ್ನ ಗಂಡನ ತಂಗಿ. ರಾಮಕೃಷ್ಣನಗರದಲ್ಲಿ ಅವಳ ಮನೆ, ಗೇಟಿನ ಪಕ್ಕ ‘ಶೈಲಾ ಲೇಡೀಸ್ ಟೈಲರ್’ ಅಂತ ಬೋರ್ಡು. ಆ ಬಡಾವಣೆಯಲ್ಲಿ ಮದುವೆಯಾದ ಎಷ್ಟೋ ಹುಡುಗಿಯರು ಧಾರೆಗೆ ನಿಂತಿದ್ದು ಅವಳು ಹೊಲಿದ ಬ್ಲೌಸಿನಲ್ಲೇ. ಅಂಥವಳ ಕತ್ತರಿ ಹಿಡಿಯುವ ಎಡಗೈಯ ಹೆಬ್ಬೆರಳು ಬುಡದಲ್ಲಿ ಊದಿಕೊಂಡು, ಲೋಟ ಎತ್ತಿದರೂ ಪ್ರಾಣ ಹೋಗುವಂತೆ ನೋಯತೊಡಗಿತು. ಮೂಳೆ ಡಾಕ್ಟರು ನೋಡಿ, ‘ಕತ್ತರಿ ಬಿಡ್ತೀರೋ, ಹೆಬ್ಬೆರಳು ಬಿಡ್ತೀರೋ, ಯೋಚನೆ ಮಾಡಿ’ ಅಂದರಂತೆ.

ಶೈಲಾ ಯೋಚನೆ ಮಾಡಿದಳು. ಬೋರ್ಡು ಬಿಚ್ಚಿ ಬಾಗಿಲ ಹಿಂದೆ ಒರಗಿಸಿದಳು.

‘ಕಟಿಂಗ್ ಬೇರೆಯವರ ಕೈಲಿ ಮಾಡಿಸು, ನೀನು ಹೊಲಿ’ ಅಂದೆ. ಅವಳು, ‘ಹೊಲಿಯೋದು ಮೆಷಿನ್ನು ಅತ್ತಿಗೆ. ಕತ್ತರಿಸೋದು ನಾನು. ಅದನ್ನೂ ಬೇರೆಯವರಿಗೆ ಕೊಟ್ರೆ ನಾನ್ಯಾಕೆ?’ ಅಂದಳು.

ಆಮೇಲೆ ಮೊಬೈಲಿನಲ್ಲಿ ಯಾವುದೋ ಹೊಲಿಗೆ ವಿಡಿಯೋ ನೋಡುವಾಗ ತಿಳಿದಿದ್ದು ಇದು: ನಮ್ಮ ಕತ್ತರಿಗಳೆಲ್ಲ ಬಲಗೈಯವರಿಗಾಗಿ ಮಾಡಿದವು. ಬಲಗೈ ಹೆಬ್ಬೆರಳು ಒತ್ತಿದಾಗ ಎರಡೂ ಅಲಗು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಅದೇ ಕತ್ತರಿಯನ್ನು ಎಡಗೈಯಲ್ಲಿ ಹಿಡಿದರೆ ಅಲಗುಗಳು ಬಿಟ್ಟುಕೊಳ್ಳುತ್ತವೆ. ಬಟ್ಟೆ ಕತ್ತರಿಸಬೇಕಾದರೆ ಹೆಬ್ಬೆರಳನ್ನು ಉಲ್ಟಾ ದಿಕ್ಕಿಗೆ ತಿರುಚಿ ಒತ್ತಬೇಕು. ಶೈಲಾ ಇಷ್ಟು ವರ್ಷ ಹಾಗೇ ಒತ್ತಿಕೊಂಡು ಬಂದಿದ್ದಾಳೆ. ತನ್ನ ಕೈಯೇ ಸರಿಯಿಲ್ಲ ಅಂದುಕೊಂಡು! ಕತ್ತರಿ ಸರಿಯಿಲ್ಲ ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಸರಿ, ಆನ್‌ಲೈನಿನಲ್ಲಿ ಹುಡುಕಿದೆ. ಸಿಕ್ಕಿತು! ಫೋಟೋದ ಕೆಳಗೆ ಕೆಂಪಕ್ಷರದಲ್ಲಿ ‘ಔಟ್ ಆಫ್ ಸ್ಟಾಕ್’. ‘ನೋಟಿಫೈ ಮಿ’ ಅನ್ನುವ ಬಟನ್ ಒತ್ತಿದೆ. ಅದು ನನಗೆ ಸೀರೆ, ಕುಕ್ಕರ್, ಕೂದಲಿನ ಎಣ್ಣೆ ಎಲ್ಲದರ ಬಗ್ಗೆಯೂ ನೋಟಿಫೈ ಮಾಡಿತು, ಕತ್ತರಿಯೊಂದನ್ನು ಬಿಟ್ಟು. ಇನ್ನೊಂದು ಕಡೆ ಆರ್ಡರ್ ಮಾಡಿದ್ದಕ್ಕೆ ಡಬ್ಬದ ಮೇಲೆ ‘ಎಡಗೈ’ ಅಂತ ಬರೆದಿದ್ದ ಬಲಗೈ ಕತ್ತರಿ ಬಂತು. ವಾಪಸ್ ಕಳಿಸಿದೆ.

ಆಮೇಲೆ ಸ್ಕೂಟರ್ ತೆಗೆದೆ. ಶಿವರಾಂಪೇಟೆ, ಸಂತೇಪೇಟೆ, ದೇವರಾಜ ಮಾರುಕಟ್ಟೆಯ ಸುತ್ತಮುತ್ತ ಯಾವ ಹೊಲಿಗೆ ಸಾಮಾನಿನ ಅಂಗಡಿಯನ್ನೂ ಬಿಡಲಿಲ್ಲ. ಕತ್ತರಿ ಎಲ್ಲೂ ಇಲ್ಲ. ಸಲಹೆ ಮಾತ್ರ ಎಲ್ಲ ಕಡೆಯೂ ಬಿಟ್ಟಿ. ‘ಬಲಗೈಲಿ ರೂಢಿ ಮಾಡ್ಕೊಳ್ಳೋಕೆ ಹೇಳಿ ಮೇಡಂ.’ ‘ನಮ್ಮ ಮಗನೂ ಅಂಗೇ ಇದ್ದ ಕಣ್ರೀ, ಎರಡು ಬಿಟ್ಟೆ, ಸರಿಹೋದ.’ ಒಬ್ಬರಂತೂ, ‘ಒಂದ್ಸಲ ಒಂದು ಪೀಸ್ ಬಂದಿತ್ತು, ಹೋಯ್ತು. ಮತ್ತೆ ತರಿಸಲಿಲ್ಲ. ಡಿಮ್ಯಾಂಡೇ ಇಲ್ಲ’ ಅಂದರು.

ಡಿಮ್ಯಾಂಡ್ ಎಲ್ಲಿಂದ ಬರಬೇಕು ಸ್ವಾಮಿ? ಮಗು ಎಡಗೈಯಲ್ಲಿ ಬಳಪ ಹಿಡಿದರೆ ಕಸಿದು ಬಲಗೈಗೆ ಕೊಡುತ್ತೇವೆ. ಎಡಗೈ ಚಾಚಿದರೆ ತೀರ್ಥ ಕೊಡುವವರು ಉದ್ಧರಣೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಅರಿಶಿನ ಕುಂಕುಮ ಎಡಗೈಯಲ್ಲಿ ಕೊಟ್ಟರೆ ಮನೆಗೆ ಬಂದ ಮುತ್ತೈದೆಗೆ ಅವಮಾನ. ಬೋಣಿ ಹೊತ್ತಿನಲ್ಲಿ ಎಡಗೈಯಿಂದ ದುಡ್ಡು ನೀಡಿದರೆ ತರಕಾರಿಯವರೂ ಮುಟ್ಟುವುದಿಲ್ಲ. ಇಷ್ಟೆಲ್ಲ ಮಾಡಿ ಎಡಗೈಯವರನ್ನು ಬಲಗೈಯವರನ್ನಾಗಿ ಮಾಡಿಬಿಟ್ಟು, ಆಮೇಲೆ ಎಡಗೈ ಕತ್ತರಿಗೆ ಗಿರಾಕಿಗಳಿಲ್ಲ ಅಂದರೆ ಹೇಗೆ?

ಶೈಲಾಳಿಗೂ ಹೀಗೇ ಆಗಿದ್ದು. ಮಾಡಿದವರು ಅವಳ ಅಮ್ಮ, ಅಂದರೆ ನನ್ನ ಅತ್ತೆ. (ಕುವೆಂಪುನಗರದಲ್ಲಿ ನಮ್ಮ ಜೊತೆಗೇ ಇದ್ದಾರೆ, ಈ ಅಂಕಣವನ್ನು ತಪ್ಪದೇ ಓದುತ್ತಾರೆ. ಓದಲಿ.) ಅತ್ತೆಯ ಮಾವ ಅರಮನೆ ಕಚೇರಿಯಲ್ಲಿ ಕೆಲಸಕ್ಕಿದ್ದವರು. ಹಾಗಾಗಿ ‘ಅರಮನೆ ಕಂಡ ಮನೆತನ ನಮ್ದು’ ಅನ್ನುವ ಮಾತು ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಹಾಗೆ, ಎಲ್ಲದರ ಜೊತೆಗೂ ಬರುತ್ತದೆ. ಅರಮನೆ ಕಂಡ ಮನೆತನದ ಹುಡುಗಿ ಎಡಗೈಯಲ್ಲಿ ಉಣ್ಣುವುದುಂಟೆ? ಊಟದ ಹೊತ್ತಿಗೆ ಶೈಲಾಳ ಎಡಗೈಗೆ ಅಣ್ಣನ ಕಾಲುಚೀಲ ತೊಡಿಸಿ ಲಾಡಿಯಿಂದ ಕಟ್ಟುತ್ತಿದ್ದರಂತೆ. ಬಲಗೈಯಲ್ಲಿ ಉಣ್ಣಲು ಕಲಿತಳು. ಬರೆಯಲು ಕಲಿತಳು. ಹೆಣ್ಣು ನೋಡಲು ಬಂದವರಿಗೆ ಬಲಗೈಯಲ್ಲೇ ಕಾಫಿ ಕೊಟ್ಟಳು. ಕೈ ನಡುಗಿ ಅರ್ಧ ಕಾಫಿ ಸಾಸರಿಗೆ ಚೆಲ್ಲಿತಂತೆ. ‘ಹುಡುಗಿಗೆ ನಾಚಿಕೆ ಜಾಸ್ತಿ’ ಅಂತ ಮೆಚ್ಚಿಕೊಂಡು ಒಪ್ಪಿಬಿಟ್ಟರು!

ಕತ್ತರಿಯೊಂದು ಮಾತ್ರ ಎಡಗೈಯಲ್ಲೇ ಉಳಿಯಿತು. ಯಾಕೆ ಗೊತ್ತಾ? ಅವಳು ಕತ್ತರಿ ಹಿಡಿದಾಗ ಯಾರೂ ನೋಡುತ್ತಿರಲಿಲ್ಲ.

ಅತ್ತೆ ಕೆಟ್ಟವರಲ್ಲ. ನನ್ನ ಬಾಣಂತನ ಮಾಡಿದ ಕೈಗಳು ಅವು. ಮಗಳಿಗೆ ಒಳ್ಳೆಯದಾಗಲಿ ಅಂತಲೇ ಕಟ್ಟಿದರು. ಆದರೆ ಒಳ್ಳೆಯದಾಗಲಿ ಅಂತ ಕಟ್ಟಿದ ಕೈಯೂ ಕಟ್ಟಿದ ಕೈಯೇ ತಾನೆ?

ಇಂತಿಪ್ಪ ಸಮಯದಲ್ಲಿ ಮೊನ್ನೆ ಶನಿವಾರ ಬೆಳಗ್ಗೆ ಫೋನ್ ಬಂತು. ಬನ್ನಿಮಂಟಪದ ಹತ್ತಿರ ಹೊಲಿಗೆ ಮೆಷಿನ್ನುಗಳ ಬಿಡಿಭಾಗ ಮಾರುವ ಮಾದೇವಣ್ಣ. ಅಲ್ಲಿಗೂ ಹೋಗಿ ನಂಬರ್ ಕೊಟ್ಟುಬಂದಿದ್ದೆ. ‘ಮೇಡಂ, ನೀವು ಕೇಳಿದ್ರಲ್ಲ ಎಡಗೈದು, ಒಂದೇ ಒಂದು ಪೀಸ್ ಬಂದದೆ. ಇವತ್ತೇ ಬಂದ್ಬುಡಿ. ಕೇಳೋರು ಇನ್ನೂ ಅವ್ರೆ, ಎತ್ತಿಡಕ್ಕಾಗಲ್ಲ.’

ನಾನು ಕುಣಿದಾಡಿಬಿಟ್ಟೆ. ಮರುದಿನ ಭಾನುವಾರ ಒಬ್ಬ ಮದುಮಗಳ ಅಮ್ಮ ಶೈಲಾಳ ಮನೆಗೆ ಬರುವವರಿದ್ದರು, ಕೊಟ್ಟಿದ್ದ ರೇಷ್ಮೆ ಬ್ಲೌಸ್ ಪೀಸನ್ನು ಕತ್ತರಿಸದೆ ಹಾಗೇ ವಾಪಸ್ ಒಯ್ಯಲು. ಅದೊಂದು ಹೋದರೆ ಶೈಲಾ ಮತ್ತೆ ಟೇಬಲ್ ಹತ್ತಿರ ಹೋಗುವವಳಲ್ಲ ಅಂತ ನನಗೆ ಗೊತ್ತಿತ್ತು. ಹೆಲ್ಮೆಟ್ ಹಾಕಿಕೊಂಡೆ.

ಅತ್ತೆ ಬಾಗಿಲಲ್ಲಿ ನಿಂತಿದ್ದರು. ‘ಎಲ್ಲಿಗೆ ವಿಜಿ?’

ಹೇಳಿದೆ.

‘ಇವತ್ತು ಶನಿವಾರ ಕಣಮ್ಮ. ಶನಿವಾರ ಯಾರಾದ್ರೂ ಕಬ್ಬಿಣ ಕೊಂಡ್ಕೋತಾರಾ?’

ನನಗೆ ನಿಜವಾಗಿಯೂ ಮರೆತುಹೋಗಿತ್ತು. ಶನಿವಾರ ಕಬ್ಬಿಣ ಮನೆಗೆ ತರಬಾರದು. ಮೊಳೆಯಿಂದ ಹಿಡಿದು ಕಾವಲಿಯವರೆಗೆ ಯಾವುದೂ ಕೂಡದು. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, ‘ಅಮ್ಮ, ಅದು ಸ್ಟೀಲು, ಕಬ್ಬಿಣ ಅಲ್ಲ’ ಅಂದರು.

‘ಸ್ಟೀಲು ಏನು ಮರದಲ್ಲಿ ಬಿಡತ್ತಾ?’

‘ಹಂಗಾದ್ರೆ ಇವತ್ತು ಫೋನಲ್ಲಿ ದುಡ್ಡು ಹಾಕಿಬಿಡೋಣ, ಸೋಮವಾರ ತಂದ್ರಾಯ್ತು.’ (ನನ್ನ ಗಂಡ ಯಾವ ಜಗಳದಲ್ಲೂ ಎರಡೂ ಕಡೆಯವರನ್ನು ಗೆಲ್ಲಿಸಲು ಹೋಗಿ ತಾವು ಬೈಸಿಕೊಳ್ಳುವವರು.)

‘ದುಡ್ಡು ಕೊಟ್ಟ ಮೇಲೆ ಕೊಂಡ ಹಾಗೇ ಅಲ್ವೇನೋ?’

ನನಗೆ ತಡೆಯಲಾಗಲಿಲ್ಲ. ‘ಅತ್ತೆ, ಹೋದ ಶನಿವಾರ ಗ್ಯಾಸ್ ಸಿಲಿಂಡರ್ ಬಂತಲ್ಲ, ನೀವೇ ಬಾಗಿಲು ತೆಗೆದ್ರಿ. ಅದು ಕಬ್ಬಿಣ ಅಲ್ವಾ?’

‘ಅದು ಅವರೇ ತಂದುಕೊಡೋದು. ನಾವು ಹೋಗಿ ತರೋದಲ್ಲ.’

ನೋಡಿ, ಸಿಲಿಂಡರಿಗೆ ವಿನಾಯಿತಿ ಇದೆ! ಅದಿಲ್ಲದಿದ್ದರೆ ಅಡುಗೆ ನಿಲ್ಲುತ್ತದೆ, ಇಡೀ ಮನೆ ಉಪವಾಸ. ಎಲ್ಲರಿಗೂ ಬೇಕಾದದ್ದಕ್ಕೆ ಶಾಸ್ತ್ರವೂ ದಾರಿ ಬಿಡುತ್ತದೆ. ಒಬ್ಬ ಹೆಂಗಸಿನ ಹೆಬ್ಬೆರಳಿಗೆ ಬಿಡುವುದಿಲ್ಲ. ಸಿಟ್ಟು ನೆತ್ತಿಗೇರಿತು. ‘ಶನಿದೇವರು ಕೇಳಿದ್ರೆ ನನ್ನ ಹೆಸರು ಹೇಳಿ ಅತ್ತೆ’ ಅಂದವಳೇ ಸ್ಕೂಟರ್ ಸ್ಟಾರ್ಟ್ ಮಾಡಿದೆ. ಈ ಮನೆಗೆ ಸೊಸೆಯಾಗಿ ಬಂದ ಮೇಲೆ ಅವರಿಗೆ ಹಾಗೆ ಎದುರು ಮಾತಾಡಿದ್ದು ಅದೇ ಮೊದಲು. ದಾರಿಯುದ್ದಕ್ಕೂ ವಾಪಸ್ ಹೋಗಿ ತಪ್ಪಾಯಿತು ಅನ್ನಲೇ ಅನಿಸುತ್ತಿತ್ತು. ಆದರೂ ಗಾಡಿ ತಿರುಗಿಸಲಿಲ್ಲ.

ದಸರಾ ಪಂಜಿನ ಕವಾಯತಿನ ಮೈದಾನ ದಾಟಿ ಅಂಗಡಿ ಮುಟ್ಟುವಾಗ ಒಂದೇ ಹೆದರಿಕೆ, ಅಷ್ಟರಲ್ಲಿ ಯಾರಾದರೂ ಒಯ್ದುಬಿಟ್ಟಿದ್ದರೆ? ಇತ್ತು! ಮಾದೇವಣ್ಣ ಕತ್ತರಿಯನ್ನು ನನ್ನ ಕೈಗೆ ಕೊಡದೆ ಗಾಜಿನ ಕೌಂಟರ್ ಮೇಲಿಟ್ಟರು. (ಕತ್ತರಿ ಕೈಯಿಂದ ಕೈಗೆ ಕೊಟ್ಟರೆ ಜಗಳವಾಗುತ್ತದಂತೆ. ನನಗಾಗಲೇ ಮನೆಯಲ್ಲಿ ಆಗಿತ್ತು.)

‘ನಿಮಗಿಂತ ಮುಂಚೆ ಇನ್ನೊಬ್ರಿಗೆ ಫೋನ್ ಮಾಡಿದ್ದೆ ಮೇಡಂ. ಅವರದ್ದೇ ಫಸ್ಟ್ ಇತ್ತು. ಶನಿವಾರ ಕಬ್ಬಿಣ ಬೇಡ, ಬೇರೆಯವ್ರಿಗೆ ಕೊಟ್ಬುಡಿ ಅಂದ್ರು. ಅದ್ಕೇ ಉಳೀತು.’

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಈ ಊರಿನಲ್ಲಿ ಎಲ್ಲೋ ಇನ್ನೊಬ್ಬ ಶೈಲಾ ಇದ್ದಾಳೆ. ಅವಳಿಗೂ ಒಬ್ಬ ಅಮ್ಮನೋ ಅತ್ತೆಯೋ ಇದ್ದಾರೆ. ಇಷ್ಟು ದಿನ ಕಾದ ಕತ್ತರಿ ಬಾಗಿಲಿಗೆ ಬಂದಾಗ, ವಾರ ಸರಿಯಿಲ್ಲ ಅಂತ ಅವಳೇ ಬೇಡ ಅಂದಳು. ಇನ್ನು ಯಾವಾಗ ಸಿಗುತ್ತದೋ. ‘ಇನ್ನೊಂದು ತರಿಸಿ, ಅವರಿಗೆ ಕೊಡಿ, ಡಿಮ್ಯಾಂಡ್ ಇದೆ ಅಂತ ಕಂಪನಿಯವರಿಗೆ ಹೇಳಿ’ ಅಂದೆ. ಮಾದೇವಣ್ಣ ಆಗಲಿ ಅಂದರು.

ಪರೀಕ್ಷೆ ಮಾಡೋಣ ಅಂತ ಒಂದು ಚಿಂದಿ ಬಟ್ಟೆ ಕೇಳಿ ಇಸಕೊಂಡು ಕತ್ತರಿಸಲು ಹೋದೆ. ಬಟ್ಟೆ ತುಂಡಾಗಲಿಲ್ಲ. ಅಲಗುಗಳ ನಡುವೆ ಮಡಚಿಕೊಂಡು ಕೂತಿತು. ಇನ್ನಷ್ಟು ಒತ್ತಿದೆ. ಹೆಬ್ಬೆರಳು ಚುರುಕ್ ಅಂದಿತು. ‘ಏನ್ ಮಾದೇವಣ್ಣ, ಇದು ಮೊಂಡು!’

‘ನೀವು ಬಲಗೈಯೋರು ಮೇಡಂ. ನಿಮ್ಮ ಕೈಲಿ ಕತ್ತರಿಸ್ನಿಲ್ಲ ಅಂದ್ರೆ ಮಾಲು ಕರೆಕ್ಟಾಗದೆ ಅಂತ!’

ಒಂದು ಚಿಂದಿಗೇ ನನ್ನ ಬೆರಳು ನೊಂದಿತ್ತು. ಅವಳು ಅಷ್ಟು ಮದುವೆಗಳ ರೇಷ್ಮೆಯನ್ನು ಹೀಗೇ ಕತ್ತರಿಸಿದ್ದಳು, ಒಂದು ದಿನವೂ ಯಾರ ಮೇಲೂ ರೇಗದೆ. ರೇಗುವ ಕೆಲಸ ನನಗಿರಲಿ ಅಂತ ಕತ್ತರಿಯನ್ನು ಬ್ಯಾಗಿಗೆ ಹಾಕಿಕೊಂಡೆ.

ರಾಮಕೃಷ್ಣನಗರ ಮುಟ್ಟಿದರೆ ಶೈಲಾ ಗೇಟಿನಲ್ಲೇ ಕಾಯುತ್ತಿದ್ದಳು. ಮುಖ ಬಾಡಿತ್ತು. ‘ಅಮ್ಮ ಫೋನ್ ಮಾಡಿದ್ರು ಅತ್ತಿಗೆ. ಸೋಮವಾರದವರೆಗೂ ಒಳಗೆ ತರಬೇಡ ಅಂದ್ರು.’

‘ನೀನೇನಂದೆ?’

‘ಹ್ಞೂಂ ಅಂದೆ.’

ಈ ‘ಹ್ಞೂಂ’ ಅವಳಿಗೆ ಕಾಲುಚೀಲದ ಕಾಲದಿಂದ ಬಂದದ್ದು. ನಾನು ಬೈಯಲಿಲ್ಲ. ಕತ್ತರಿ ತೆಗೆದು ಕಾಂಪೌಂಡ್ ಗೋಡೆಯ ಮೇಲಿಟ್ಟೆ. ‘ನಾಳೆ ಆ ಹುಡುಗಿಯ ಅಮ್ಮ ಬರ್ತಾರೆ. ಕತ್ತರಿಸಿದ ಬ್ಲೌಸ್ ತೋರಿಸ್ತೀಯೋ, ಪೀಸ್ ವಾಪಸ್ ಕೊಡ್ತೀಯೋ, ನಿನಗೆ ಬಿಟ್ಟಿದ್ದು. ನಾನಂತೂ ಇದನ್ನ ವಾಪಸ್ ಒಯ್ಯಲ್ಲ’ ಅಂದೆ.

ಅವಳು ಆ ಕಡೆ ಈ ಕಡೆ ನೋಡಿದಳು. ಎದುರು ಮನೆಯವರು ಬಟ್ಟೆ ಒಣಹಾಕುತ್ತಾ ನಮ್ಮನ್ನೇ ನೋಡುತ್ತಿದ್ದರು. ಹಾಡಹಗಲು. ಶನಿವಾರ. ಎಡಗೈ ಚಾಚಿದಳು. ಬೆರಳುಗಳು ಹಿಡಿಯೊಳಗೆ ತಾವಾಗಿಯೇ ಹೋಗಿ ಕೂತವು. ‘ಅಯ್ಯೋ!’ ಅಂದಳು. ಅಷ್ಟೆ. ದಡದಡ ಒಳಗೆ ಹೋದಳು.

ಮೊದಲು ಹಳೆಯ ಬಟ್ಟೆ ಕತ್ತರಿಸಿ ನೋಡಿದಳು. ಆಮೇಲೆ ರೇಷ್ಮೆ ಹರಡಿ, ಗುರುತು ಹಾಕಿ, ಕತ್ತರಿ ಇಟ್ಟಳು. ಕರ್ರ್ ಅಂತ ಒಂದೇ ಸಮನೆ ಸದ್ದು. ತೋಳಿನ ತಿರುವಿಗೆ ಬಂದವಳು ಸಟ್ಟನೆ ನಿಂತಳು. ಏನೋ ಕೆಟ್ಟಿತು ಅಂದುಕೊಂಡೆ. ನೋಡಿದರೆ ಕಣ್ಣಲ್ಲಿ ನೀರು.

‘ನೋವಾ?’

‘ಅಷ್ಟಿಲ್ಲ. ಗೆರೆ ಕಾಣ್ತಿದೆ ಅತ್ತಿಗೆ! ಆ ಕತ್ತರೀಲಿ ಅಲಗು ಗೆರೇನ ಮುಚ್ಚಿಬಿಡ್ತಿತ್ತು. ಇಷ್ಟು ವರ್ಷ ನಾನು ಅಂದಾಜಲ್ಲೇ ಕತ್ತರಿಸಿದ್ದು.’

ಅಷ್ಟರಲ್ಲಿ ಅವಳ ಫೋನ್ ಹೊಡೆದುಕೊಂಡಿತು. ‘ಅಮ್ಮ’ ಅಂತ ಬರುತ್ತಿತ್ತು. ಶೈಲಾ ಫೋನಿನ ಕಡೆ ನೋಡಿದಳು, ಬಟ್ಟೆಯ ಕಡೆ ನೋಡಿದಳು. ‘ನೀವೇ ತಗೊಳ್ಳಿ ಅತ್ತಿಗೆ. ನಾನು ಕೆಲಸದಲ್ಲಿದೀನಿ ಅನ್ನಿ’ ಅಂದು ಮತ್ತೆ ಬಗ್ಗಿದಳು.

ತೆಗೆದುಕೊಂಡೆ. ಅತ್ತೆಗೆ ಆ ಕಡೆ ಕತ್ತರಿಯ ಸದ್ದು ಕೇಳಿಸಿತೇನೋ. ಶನಿವಾರದ ಮಾತೆತ್ತಲಿಲ್ಲ. ‘ಯಾವ ಕೈಲಿ ಕತ್ತರಿಸ್ತಿದಾಳೆ?’ ಅಂದರು.

‘ಅವಳದ್ದೇ ಕೈಲಿ, ಅತ್ತೆ.’